ಗಾಡಿಯೊಳಗಿನ ಜಳಕಕ್ಕೆ ಎಂಥ ಪಂಪು?

ಧಾರವಾಡ ಜಿಲ್ಲೆಯ ಅಳ್ನಾವರ ಜಂಕ್ಷನ್ ಮೂಲಕ ಲೋಂಡಾ ಕಡೆಗೆ ಹಾದುಹೋಗುವ ರೈಲುಬೋಗಿಗಳಲ್ಲಿ ನೀರಿನ ವ್ಯವಸ್ಥೆ ಎರಡು ಬಗೆಯದು. ಹಳೆಯ ಐಸಿಎಫ್ ಬೋಗಿಗಳಲ್ಲಿ ನೀರಿನ ಟ್ಯಾಂಕ್ ಇರುವುದು ಶೌಚಾಲಯದ ನೆತ್ತಿಯ ಮೇಲೆ, ಚಾವಣಿಗೆ ಹೊಂದಿಕೊಂಡು. ನಳ ಒತ್ತಿದರೆ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಪಂಪಿನ ಹಂಗಿಲ್ಲ. ಜರ್ಮನ್ ವಿನ್ಯಾಸದ ಹೊಸ ಎಲ್‌ಎಚ್‌ಬಿ ಬೋಗಿಗಳಲ್ಲಿ ದೊಡ್ಡ ಟ್ಯಾಂಕುಗಳು ತಳಕ್ಕೆ ಇಳಿದಿವೆ. ಅಲ್ಲಿಂದ ಪಂಪು ನೀರನ್ನು ಮೇಲಿನ ಸಣ್ಣ ಟ್ಯಾಂಕಿಗೆ ಎತ್ತಿಕೊಡುತ್ತದೆ. ಪಂಪು ಕೆಟ್ಟ ದಿನ ತಳದ ಟ್ಯಾಂಕು ತುಂಬಿದ್ದರೂ ಮೇಲಿನ ನಳ ಒಣಗುತ್ತದೆ.

ಟ್ಯಾಂಕನ್ನು ತಳಕ್ಕೆ ಇಳಿಸುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ತೂಕ. 200 ಲೀಟರ್ ನೀರನ್ನು ಗಾಡಿಯ ನೆತ್ತಿಗೆ ಏರಿಸುವುದೆಂದರೆ ಎರಡು ಕ್ವಿಂಟಲ್ ಜೋಳದ ಚೀಲಗಳನ್ನು ಮೇಲೆ ಕಟ್ಟಿದ ಹಾಗೆ. ಗೋವಾ ದಾರಿಯ ಅನಮೋಡ ಘಟ್ಟದ ತಿರುವುಗಳಲ್ಲಿ ಅಂಥ ಗಾಡಿ ಹೊರಳುವ ರೀತಿ ಚಾಲಕನಿಗೇ ಗೊತ್ತು. ಹಾಗಾಗಿ ಮನೆಯಂತೆ ಸಜ್ಜುಗೊಳಿಸಿದ ಗಾಡಿಗಳಲ್ಲಿ, ಅಂದರೆ ಕ್ಯಾರವಾನ್ ಅಥವಾ ಮೋಟರ್‌ಹೋಮ್‌ಗಳಲ್ಲಿ, ನೀರಿನ ಟ್ಯಾಂಕು ಸೀಟಿನ ಕೆಳಗೋ ಚಾಸಿಯ ಪಕ್ಕಕ್ಕೋ ಸೇರಿಕೊಂಡಿರುತ್ತದೆ. ನೀರು ಕೆಳಗೆ, ಶವರು ಮೇಲೆ. ನಡುವಿನ ಕೆಲಸವೆಲ್ಲ ಪಂಪಿನದು.

ಧಾರವಾಡದಿಂದ ಸುಮಾರು 35 ಕಿಲೋಮೀಟರ್ ಪಶ್ಚಿಮಕ್ಕಿರುವ ಅಳ್ನಾವರ ಬಯಲುಸೀಮೆ ಮುಗಿದು ಕಾಡು ಶುರುವಾಗುವ ಊರು. ದಾಂಡೇಲಿಯ ಕಟ್ಟಿಗೆ ಸಾಗಿಸಲು ಬ್ರಿಟಿಷರ ಕಾಲದಲ್ಲಿ ಹಾಕಿದ ರೈಲುಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ರಾಮನಗರ, ಅನಮೋಡದ ಮೇಲಿಂದ ಗೋವಾಕ್ಕೆ ಹೋಗುವವರೂ ಹಳಿಯಾಳ ದಾಟಿ ಕಾಳಿ ನದಿಯ ರ‍್ಯಾಫ್ಟಿಂಗ್‌ಗೆ ಹೋಗುವವರೂ ಈ ಊರನ್ನು ಹಾಯುತ್ತಾರೆ. ಕ್ಯಾರವಾನುಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿತು. 2020ರಲ್ಲೇ ಬೆಂಗಳೂರಿನ ಸಂಸ್ಥೆಯೊಂದು ರಾಜ್ಯದ ಪ್ರವಾಸೋದ್ಯಮ ಇಲಾಖೆಯ ಸಹಯೋಗದಲ್ಲಿ ‘ಲಕ್ಸ್‌ಕ್ಯಾಂಪರ್’ ಎಂಬ ಗಾಡಿಯನ್ನು ರಸ್ತೆಗಿಳಿಸಿತು. ಮರುವರ್ಷ ಕೇರಳ ‘ಕೆರವಾನ್’ ಯೋಜನೆ ತಂದಿತು. ಇವುಗಳ ಜತೆಗೆ ಟೆಂಪೋ ಟ್ರಾವೆಲರ್‌ಗಳನ್ನೂ ಹಳೆಯ ಮಿನಿ ಬಸ್ಸುಗಳನ್ನೂ ಗ್ಯಾರೇಜುಗಳಲ್ಲಿ ಮನೆಯಾಗಿ ಮಾರ್ಪಡಿಸಿಕೊಂಡವರೂ ಇದ್ದಾರೆ. ಇಂಥ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು. ಆ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮಲಗುವ ಜಾಗ, ಒಲೆ, ಫ್ಯಾನು ಎಲ್ಲ ಸರಿಹೋದ ಮೇಲೂ ಒಂದು ದೂರು ಉಳಿದುಬಿಡುತ್ತದೆ. ‘ಎಲ್ಲಾ ಚಲೋ ಐತ್ರೀ, ಜಳಕದ ನೀರ ಫೋರ್ಸ ಬರವಲ್ದು!’ ದಿನವಿಡೀ ಧೂಳಿನಲ್ಲಿ ಬಂದವನು ಶವರ್ ತಿರುಗಿಸಿದರೆ ನಾಲ್ಕೈದು ಎಳೆ ನೀರು ಅಳುತ್ತ ಇಳಿಯುತ್ತದೆ. ಸೋಪು ಹಚ್ಚಿಕೊಂಡು ನಿಂತ ಹೊತ್ತಿಗೆ ಅದೂ ಸಣ್ಣದಾಗುತ್ತದೆ. ಆಗ ಗಾಡಿಯ ಯಜಮಾನ ಮೊದಲು ಯೋಚಿಸುವುದು ಇನ್ನೂ ದೊಡ್ಡ ಪಂಪು ಹಾಕಿಸುವುದನ್ನು. ಬಹುಪಾಲು ಗಾಡಿಗಳಲ್ಲಿ ಅದರಿಂದ ದುಡ್ಡು ಹೋಗುತ್ತದೆ, ಜಳಕ ಸುಧಾರಿಸುವುದಿಲ್ಲ. ಮೈಮೇಲೆ ಬೀಳುವ ನೀರಿನ ಜೋರನ್ನು ಪಂಪು ಒಂದೇ ನಿರ್ಧರಿಸುವುದಿಲ್ಲ. ಅದಕ್ಕೆ ಕರೆಂಟು ತರುವ ವೈರು, ಅದರಿಂದ ಹೊರಟ ಪೈಪು, ದಾರಿಯಲ್ಲಿರುವ ಗೀಸರ್, ಕೊನೆಯ ಶವರ್ ತಲೆ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಪಂಪು ಆರಿಸುವವರು ಶವರಿನಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಸರಿಯಾದ ಪಂಪು ಸಿಗುತ್ತದೆ. ಅಂಗಡಿಯ ಡಬ್ಬಿಯ ಮೇಲಿನ ದೊಡ್ಡ ಅಂಕಿಯಿಂದ ಶುರುಮಾಡಿದರೆ ಸಿಗುವುದಿಲ್ಲ.

ಒತ್ತಡ ಬೇರೆ, ಹರಿವು ಬೇರೆ. ಧಾರವಾಡ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ಬೆನ್ನ ಮೇಲೆಯೇ ಇದರ ಪುರಾವೆ ಇದೆ. ಭತ್ತಕ್ಕೋ ಹತ್ತಿಗೋ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ತಳ ಬಿಚ್ಚಿದರೆ 12 ವೋಲ್ಟಿನ ಬ್ಯಾಟರಿಯ ಪಕ್ಕದಲ್ಲಿ ಮುಷ್ಟಿಗಾತ್ರದ ಒಂದು ಪಂಪು ಕಾಣುತ್ತದೆ. ಒಂದು ತುದಿಯಲ್ಲಿ ಮೋಟಾರು, ಇನ್ನೊಂದು ತುದಿಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ತಲೆ. ತಲೆಯ ಸ್ಕ್ರೂ ಬಿಚ್ಚಿದರೆ ಒಳಗೆ ಉಬ್ಬುತಗ್ಗಿನ ರಬ್ಬರ್ ಹಾಳೆ ಇರುತ್ತದೆ, ಅದೇ ಡಯಾಫ್ರಾಮ್. ಮೋಟಾರು ತಿರುಗುವಾಗ ಓರೆಯಾಗಿ ಕೂತ ಒಂದು ತಟ್ಟೆ ಆ ರಬ್ಬರನ್ನು ಸರದಿಯಂತೆ ಒತ್ತುತ್ತದೆ, ಎಳೆಯುತ್ತದೆ. ಎಳೆದಾಗ ಒಂದು ಸಣ್ಣ ವಾಲ್ವು ತೆರೆದು ನೀರು ಒಳಬರುತ್ತದೆ, ಒತ್ತಿದಾಗ ಇನ್ನೊಂದು ವಾಲ್ವಿನಿಂದ ಹೊರಹೋಗುತ್ತದೆ. ತಲೆಯ ಮೇಲೆ ಒಂದು ಪುಟ್ಟ ಸ್ವಿಚ್ಚು. ಸ್ಪ್ರೇ ಗನ್ನಿನ ಹಿಡಿಕೆ ಬಿಟ್ಟು ಪೈಪಿನಲ್ಲಿ ಒತ್ತಡ ಏರಿದೊಡನೆ ಅದು ಕರೆಂಟು ಕಡಿಯುತ್ತದೆ, ಹಿಡಿಕೆ ಒತ್ತಿದರೆ ಮತ್ತೆ ಕೊಡುತ್ತದೆ.

ಜಗತ್ತಿನ ಬಹುಪಾಲು ಕ್ಯಾರವಾನುಗಳಲ್ಲಿ ಜಳಕದ ನೀರು ಎತ್ತುವುದು ಇದೇ ಜಾತಿಯ ಪಂಪು. ಶರ್‌ಫ್ಲೋ, ಫ್ಲೋಜೆಟ್, ವೇಲ್, ಸೀಫ್ಲೋ ಎಂಬ ಹೆಸರುಗಳಲ್ಲಿ ಸಿಗುವ 12 ವೋಲ್ಟಿನ ಡಯಾಫ್ರಾಮ್ ಪಂಪುಗಳು ಸ್ಪ್ರೇಯರ್ ಪಂಪಿನ ದೊಡ್ಡಣ್ಣಂದಿರು. ವ್ಯತ್ಯಾಸ ಇರುವುದು ಅಂಕಿಗಳಲ್ಲಿ. ಸ್ಪ್ರೇಯರಿಗೆ ಬೇಕಾದದ್ದು ಹೆಚ್ಚು ಒತ್ತಡ, ಕಡಿಮೆ ನೀರು. ನಾಜಲ್ಲಿನ ಸೂಜಿತೂತಿನಿಂದ ಮಂಜಿನಂಥ ಹನಿ ಏಳಬೇಕು, ಆದರೆ 16 ಲೀಟರಿನ ಒಂದು ಟ್ಯಾಂಕು ಆದಷ್ಟು ಹೆಚ್ಚು ಸಾಲು ಮುಟ್ಟಬೇಕು. ಆ ಮಂಜಿನ ಕೆಳಗೆ ನಿಂತು ತಲೆಗೆ ಹಚ್ಚಿದ ಸೀಗೆಪುಡಿ ತೊಳೆಯಲು ಹೋದರೆ ಅರ್ಧ ತಾಸಾದರೂ ಮುಗಿಯದು. ಒತ್ತಡ ಬೇಕಾದಷ್ಟಿದ್ದರೂ ಹರಿವು ಇಲ್ಲದಿದ್ದರೆ ಜಳಕ ಆಗುವುದಿಲ್ಲ. ಇನ್ನೊಂದು ಮಾತು: ಸ್ಪ್ರೇಯರಿನಿಂದ ಬಿಚ್ಚಿದ ಪಂಪನ್ನು ಎಷ್ಟೇ ತೊಳೆದರೂ ಮನುಷ್ಯರು ಬಳಸುವ ನೀರಿಗೆ ಜೋಡಿಸಬಾರದು. ರಬ್ಬರು ಹೀರಿಕೊಂಡ ಕೀಟನಾಶಕ ಬಿಡುವುದಿಲ್ಲ.

ಹಾಗಾದರೆ ಶವರಿಗೆ ಬೇಕಾದದ್ದು ಎಷ್ಟು? 10 ಮೀಟರ್ ಎತ್ತರದ ನೀರಿನ ಕಂಬ ಹೆಚ್ಚುಕಡಿಮೆ ಒಂದು ಬಾರ್ ಒತ್ತಡಕ್ಕೆ ಸಮ. ಒಂದೇ ಅಂತಸ್ತಿನ ಮನೆಯ ಮಾಳಿಗೆ ಮೇಲೆ ಇಟ್ಟ ಸಿಂಟೆಕ್ಸ್ ಟ್ಯಾಂಕಿನಿಂದ ಕೆಳಗಿನ ಬಚ್ಚಲಿನ ಶವರಿಗೆ ಎತ್ತರದ ಅಂತರ ಎರಡು ಮೂರು ಮೀಟರ್ ಅಷ್ಟೇ, ಅಂದರೆ ಒತ್ತಡ 0.2ರಿಂದ 0.3 ಬಾರ್. ಅಷ್ಟರಲ್ಲೇ ಎಷ್ಟೋ ಮನೆಗಳಲ್ಲಿ ನೆಮ್ಮದಿಯ ಜಳಕ ನಡೆಯುತ್ತಿದೆ, ಏಕೆಂದರೆ ಪೈಪು ಅಗಲ, ಶವರಿನ ತೂತು ದೊಡ್ಡದು. ಗಾಡಿಯ ಶವರ್ ತಲೆ ಸಣ್ಣದು, ತೂತುಗಳೂ ಸಣ್ಣವು. ಅದರ ಬಾಯಲ್ಲಿ ಒಂದು ಬಾರ್ ಒತ್ತಡ, ನಿಮಿಷಕ್ಕೆ 6ರಿಂದ 8 ಲೀಟರ್ ನೀರು ಸಿಕ್ಕರೆ ಮೈ ಹಗುರಾಗುವ ಜಳಕ ಆಗುತ್ತದೆ. ಇಷ್ಟು ಕೊಡಲು ಪಂಪು ಎಷ್ಟರದ್ದಿರಬೇಕು ಎಂಬುದು ಮುಂದಿನ ಲೆಕ್ಕ.

ಡಬ್ಬಿಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು ಹರಿವು, ನಿಮಿಷಕ್ಕೆ ಲೀಟರ್ ಲೆಕ್ಕದಲ್ಲಿ ಅಥವಾ ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ (ಒಂದು ಗ್ಯಾಲನ್ ಅಂದರೆ 3.8 ಲೀಟರ್). ಇನ್ನೊಂದು ಒತ್ತಡ, ಬಾರ್ ಅಥವಾ ಪಿಎಸ್‌ಐನಲ್ಲಿ (14.5 ಪಿಎಸ್‌ಐ ಒಂದು ಬಾರ್). ‘11 ಲೀಟರ್, 55 ಪಿಎಸ್‌ಐ’ ಎಂದು ಬರೆದಿದ್ದರೆ ಎರಡೂ ಒಟ್ಟಿಗೆ ಸಿಗುತ್ತವೆ ಎಂದು ಓದುವವರು ಬಹಳ. ಅದು ಹಾಗಲ್ಲ. 11 ಲೀಟರ್ ಬರುವುದು ಮುಂದೆ ಯಾವ ಅಡ್ಡಿಯೂ ಇಲ್ಲದೆ ಪಂಪಿನ ಬಾಯಿ ತೆರೆದಿದ್ದಾಗ. 55 ಪಿಎಸ್‌ಐ ಎಂಬುದು ನಳ ಮುಚ್ಚಿ ಹರಿವು ಸೊನ್ನೆಯ ಹತ್ತಿರ ಬಂದು ಸ್ವಿಚ್ಚು ಕಡಿಯುವ ಒತ್ತಡ. ನಿಜವಾದ ಜಳಕ ನಡೆಯುವುದು ಈ ಎರಡರ ನಡುವೆ, ಮತ್ತು ಒತ್ತಡ ಏರಿದಂತೆಲ್ಲ ಹರಿವು ಇಳಿಯುತ್ತದೆ. ಒಳ್ಳೆಯ ತಯಾರಕರು ಯಾವ ಒತ್ತಡಕ್ಕೆ ಎಷ್ಟು ಲೀಟರ್, ಎಷ್ಟು ಆಂಪಿಯರ್ ಎಂಬ ಕೋಷ್ಟಕ ಕೊಡುತ್ತಾರೆ. ಆ ಕೋಷ್ಟಕವಿಲ್ಲದ ಪಂಪನ್ನು ಕೊಳ್ಳದಿರುವುದೇ ಮೇಲು. ಜಳಕದ ಹೊತ್ತಿನಲ್ಲಿ ಕೈಗೆ ಸಿಗುವುದು ಮೊದಲ ಅಂಕಿಯ ಮೂರನೇ ಎರಡರಷ್ಟು ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ನೀರೊಳಗೆ ಮುಳುಗಿಸಿಡುವ ಸಣ್ಣ 12 ವೋಲ್ಟ್ ಪಂಪುಗಳೂ ಪೇಟೆಯಲ್ಲಿವೆ. ಬೆಲೆ ಕಡಿಮೆ, ಸದ್ದೂ ಕಡಿಮೆ. ಆದರೆ ಒತ್ತಡ ಒಂದು ಬಾರಿನ ಆಸುಪಾಸಿಗೇ ನಿಲ್ಲುತ್ತದೆ. ಗೀಸರು, ಬಾಗಿದ ಪೈಪುಗಳನ್ನು ದಾಟಿ ಶವರ್ ಮುಟ್ಟುವಾಗ ಉಸಿರು ಮುಗಿದಿರುತ್ತದೆ. ಕೈಕಾಲು ತೊಳೆಯುವ ಒಂದೇ ನಳಕ್ಕೆ ಅವು ಸಾಕು.

ಇವು ಸೆಂಟ್ರಿಫ್ಯೂಗಲ್ ಜಾತಿಯವು, ಬೆಳಗಾವಿ–ಧಾರವಾಡ ಸೀಮೆಯ ಹೊಲಗಳಿಗೆ ನೂರು ವರ್ಷದ ಪರಿಚಯದ ಜಾತಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ರಾಜ ಕೊಟ್ಟ ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ, 1920ರ ದಶಕದಲ್ಲಿ ಪಂಪು ತಯಾರಿಕೆಗೆ ಇಳಿದರು. ಆ ಜಾತಿಯ ಪಂಪಿನ ಗುಣದೋಷಗಳು ಇಲ್ಲಿನವರಿಗೆ ಬಾಯಿಪಾಠ: ನೀರು ತುಂಬಿ ಪ್ರೈಮಿಂಗ್ ಮಾಡಬೇಕು, ಫುಟ್‌ವಾಲ್ವ್ ಸೋರಿದರೆ ಏರ್ ಹಿಡಿಯುತ್ತದೆ, ಒಣಗಿ ಓಡಿದರೆ ಸೀಲು ಸುಡುತ್ತದೆ. ಡಯಾಫ್ರಾಮ್ ಪಂಪಿಗೆ ಈ ಕಾಟಗಳು ಕಡಿಮೆ. ಅದು ಒಂದೂವರೆ ಎರಡು ಮೀಟರ್ ಕೆಳಗಿನ ನೀರನ್ನು ತಾನೇ ಎಳೆದುಕೊಳ್ಳುತ್ತದೆ, ಟ್ಯಾಂಕು ಬರಿದಾಗಿ ಸ್ವಲ್ಪ ಹೊತ್ತು ಒಣಗಿ ಓಡಿದರೂ ತಾಳಿಕೊಳ್ಳುತ್ತದೆ. ಗಾಡಿ ಓಲಾಡುವಾಗ ಟ್ಯಾಂಕಿನಲ್ಲಿ ನೀರು ತುಳುಕಿ ಹೀರುವ ಪೈಪಿನೊಳಗೆ ಗಾಳಿ ಹೋಗುವುದು ಸಾಮಾನ್ಯ. ಅದಕ್ಕೇ ಈ ಗುಣ ಮುಖ್ಯ.

ಈಗ ಪೈಪಿನ ವಿಚಾರ. ಬಹುಪಾಲು ಗಾಡಿಗಳ ಜಳಕ ಕೆಡುವುದು ಇಲ್ಲೇ. ಪಂಪಿನಿಂದ ಶವರಿಗೆ ಆರು ಮೀಟರ್ ಪೈಪು ಓಡಿದೆ, ನಿಮಿಷಕ್ಕೆ 10 ಲೀಟರ್ ಹರಿಯಬೇಕು ಎಂದಿಟ್ಟುಕೊಳ್ಳೋಣ. ಪೈಪಿನ ಒಳವ್ಯಾಸ 13 ಮಿ.ಮೀ. ಇದ್ದರೆ ಘರ್ಷಣೆಯಲ್ಲಿ ಕಳೆದುಹೋಗುವ ಒತ್ತಡ 0.1 ಬಾರಿನಷ್ಟು. 10 ಮಿ.ಮೀ. ಇದ್ದರೆ ಅದು 0.35 ಬಾರ್ ದಾಟುತ್ತದೆ. 8 ಮಿ.ಮೀ. ಪೈಪು ಹಾಕಿದರಂತೂ ಒಂದು ಬಾರಿಗಿಂತ ಹೆಚ್ಚು ಪೈಪೇ ನುಂಗುತ್ತದೆ, ಶವರಿಗೆ ಎಷ್ಟು ಬೇಕೋ ಅಷ್ಟು ದಾರಿಯಲ್ಲೇ ಖರ್ಚು! ಟ್ಯಾಂಕಿನಿಂದ ಶವರಿನ ಎತ್ತರಕ್ಕೆ ನೀರೆತ್ತಲು ಬೇಕಾಗುವುದು ಬರೀ 0.2 ಬಾರ್. ಎತ್ತರಕ್ಕಿಂತ ಕಿರಿದಾದ ಪೈಪೇ ದೊಡ್ಡ ಭಾರ. ಚೂಪಾದ ಎಲ್ಬೋಗಳು, ಕ್ಲಿಪ್ಪು ಬಿಗಿದು ಚಪ್ಪಟೆಯಾದ ತಿರುವುಗಳು, ಅಗ್ಗದ ಮಿಕ್ಸರ್ ನಳದೊಳಗಿನ ಇಕ್ಕಟ್ಟು ಒಂದೊಂದೂ ತಮ್ಮ ಪಾಲು ಕೇಳುತ್ತವೆ. ಹೀರುವ ಕಡೆ ಇದು ಇನ್ನೂ ಸೂಕ್ಷ್ಮ. ಅಲ್ಲಿ ಪೈಪು ಕಿರಿದಾದರೆ, ಮೆತ್ತಗಿನ ಪೈಪು ಎಳೆತಕ್ಕೆ ಒಳಗೊಳಗೇ ಅಂಟಿಕೊಂಡರೆ ಯಾವ ಪಂಪೂ ಹೊಟ್ಟೆ ತುಂಬ ನೀರು ಕುಡಿಯಲಾರದು. ಟ್ಯಾಂಕಿನಿಂದ ಪಂಪಿಗೆ ಅರ್ಧ ಇಂಚಿಗೆ ಕಡಿಮೆಯಿಲ್ಲದ, ಗಟ್ಟಿ ಗೋಡೆಯ ಪೈಪೇ ಬೇಕು.

ವೈರಿನ ಲೆಕ್ಕವೂ ಹೀಗೆಯೇ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಡಿಮೆಯಾದರೆ ಯಾರ ಗಮನಕ್ಕೂ ಬರುವುದಿಲ್ಲ, 12 ವೋಲ್ಟಿನಲ್ಲಿ ಅದು ನೂರಕ್ಕೆ ಎಂಟು ಪಾಲು. ಪಂಪು 8 ಆಂಪಿಯರ್ ಎಳೆಯುತ್ತದೆ, ಬ್ಯಾಟರಿ ಐದು ಮೀಟರ್ ದೂರದಲ್ಲಿದೆ ಎನ್ನಿ. ಹೋಗಿ ಬರುವ ದಾರಿ ಸೇರಿ ವೈರು ಹತ್ತು ಮೀಟರ್. ಅದು ಒಂದೂವರೆ ಚದರ ಮಿ.ಮೀ. ತಾಮ್ರದ್ದಾದರೆ ದಾರಿಯಲ್ಲಿ ಕಳೆದುಹೋಗುವುದು ಸುಮಾರು 0.9 ವೋಲ್ಟ್. ನಾಲ್ಕು ಚದರ ಮಿ.ಮೀ. ಆದರೆ 0.35 ವೋಲ್ಟ್. ವೋಲ್ಟೇಜು ಇಳಿದ ಮೋಟಾರು ನಿಧಾನಕ್ಕೆ ತಿರುಗುತ್ತದೆ, ನೀರೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹಳೆಯ ಸ್ವಿಚ್ಚು, ಸಡಿಲ ಲಗ್ಗು, ತುಕ್ಕು ಹಿಡಿದ ಅರ್ಥಿಂಗ್ ಸೇರಿದರೆ 12 ವೋಲ್ಟಿನ ಪಂಪು ಹತ್ತೂವರೆಯಲ್ಲಿ ಓಡುತ್ತಿರುತ್ತದೆ. ಪಂಪು ಬದಲಿಸುವ ಮುನ್ನ ಮಾಡಬೇಕಾದ ಮೊದಲ ಕೆಲಸ ಇಷ್ಟೇ: ಶವರ್ ತೆರೆದಿಟ್ಟು, ಪಂಪು ಓಡುತ್ತಿರುವಾಗಲೇ ಅದರ ಎರಡು ವೈರುಗಳಿಗೆ ಮೀಟರ್ ಹಿಡಿಯುವುದು. ಅಲ್ಲಿ 11.5ಕ್ಕಿಂತ ಕಡಿಮೆ ಬಂದರೆ ಮೊದಲು ಬ್ಯಾಟರಿಯನ್ನೂ ವೈರನ್ನೂ ನೋಡಬೇಕು. ವೈರು ದಪ್ಪಗಿದೆ ಎಂದು ಫ್ಯೂಸ್ ಬಿಡುವಂತಿಲ್ಲ. ತಯಾರಕರು ಹೇಳಿದ ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು.

ಕೆಲವು ಗಾಡಿಗಳಲ್ಲಿ ನೀರು ಜೋರಾಗಿ ಬಂದು, ನಿಂತು, ಮತ್ತೆ ಬರುತ್ತದೆ. ಪಂಪು ಟಕಟಕ ಎಂದು ನಿಮಿಷಕ್ಕೆ ಹತ್ತಾರು ಸಲ ಚಾಲೂ ಆಗಿ ಬಂದ್ ಆಗುತ್ತದೆ. ಪಂಪು ಕೊಡುವಷ್ಟನ್ನು ಶವರು ಬಿಡುತ್ತಿಲ್ಲ ಎಂಬುದರ ಗುರುತು ಇದು. ಒತ್ತಡ ಥಟ್ಟನೆ ಏರಿ ಸ್ವಿಚ್ಚು ಕಡಿಯುತ್ತದೆ, ಕ್ಷಣದಲ್ಲೇ ಇಳಿದು ಮತ್ತೆ ಕೂಡುತ್ತದೆ. ಇಂಥಲ್ಲಿ ಇನ್ನೂ ದೊಡ್ಡ ಪಂಪು ಹಾಕಿದರೆ ಕಾಯಿಲೆ ಹೆಚ್ಚುತ್ತದೆ. ಪರಿಹಾರ ಅಕ್ಯುಮುಲೇಟರ್ ಎಂಬ ಒಂದು ಲೀಟರಿನ ಡಬ್ಬಿ. ಒಳಗೆ ರಬ್ಬರಿನ ಚೀಲ, ಅದರ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು. ಗಾಳಿ ಸ್ಪ್ರಿಂಗಿನಂತೆ ಒತ್ತಿ ನೀರಿನ ಹರಿವನ್ನು ಸಮ ಮಾಡುತ್ತದೆ. ಪಂಪು ಮತ್ತೆ ಚಾಲೂ ಆಗುವ ಒತ್ತಡಕ್ಕೆ ಸಮನಾಗಿ ಅದಕ್ಕೆ ಸೈಕಲ್ ಪಂಪಿನಿಂದಲೇ ಗಾಳಿ ತುಂಬಬಹುದು. ಬಿಸಿನೀರು ತಣ್ಣೀರು ಬೆರೆಯುವ ಮಿಕ್ಸರಿನಲ್ಲಿ ಈ ಡಬ್ಬಿಯ ಬೆಲೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಂದು ಕ್ಷಣ ಸುಡುವ ನೀರು, ಮರುಕ್ಷಣ ಕೊರೆಯುವ ನೀರು.

ಬಿಸಿನೀರಿನ ಮಿತಿಯನ್ನು ಮರೆತು ಪಂಪು ಕೊಳ್ಳುವುದೂ ವ್ಯರ್ಥ. ಗಾಡಿಗಳಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ಲೀಟರಿನ ಗೀಸರ್ ಇರುತ್ತದೆ. 10 ಲೀಟರ್ ನೀರು 60 ಡಿಗ್ರಿಗೆ ಕಾದಿದೆ, ಟ್ಯಾಂಕಿನ ತಣ್ಣೀರು 24 ಡಿಗ್ರಿ ಇದೆ ಎಂದರೆ, 40 ಡಿಗ್ರಿಯ ಹಿತವಾದ ನೀರು ಹೆಚ್ಚೆಂದರೆ 22.5 ಲೀಟರ್ ಸಿಗುತ್ತದೆ. ನಿಮಿಷಕ್ಕೆ 6 ಲೀಟರ್ ಬಿಟ್ಟರೆ ಅದು ನಾಲ್ಕು ನಿಮಿಷವೂ ಬಾರದು, 11 ಲೀಟರ್ ಬಿಟ್ಟರೆ ಎರಡೇ ನಿಮಿಷ. ಅಷ್ಟರಲ್ಲಿ ಮುಖದ ಸೋಪೂ ಹೋಗಿರುವುದಿಲ್ಲ.

ಗ್ಯಾಸ್ ಗೀಸರನ್ನು ಗಾಡಿಯೊಳಗೆ ಕೂರಿಸುವವರಿಗೆ ಒಂದು ಎಚ್ಚರಿಕೆ. ಮನೆಯ ಬಚ್ಚಲಿಗಾಗಿ ಮಾಡಿದ, ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಗ್ಯಾಸ್ ಗೀಸರ್ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಕಿಟಕಿಯಿಲ್ಲದ ಬಚ್ಚಲುಗಳಲ್ಲಿ ಜಳಕಕ್ಕೆ ಹೋದವರು ಹೊರಗೆ ಬಾರದೇ ಹೋದ ಸುದ್ದಿಗಳನ್ನು ಕರ್ನಾಟಕದ ಪತ್ರಿಕೆಗಳು ಮತ್ತೆ ಮತ್ತೆ ಪ್ರಕಟಿಸಿವೆ. ಗಾಡಿಯ ಬಚ್ಚಲು ಅದಕ್ಕಿಂತಲೂ ಇಕ್ಕಟ್ಟು. ಹೊರಗಿನ ಗಾಳಿ ಎಳೆದುಕೊಂಡು ಹೊಗೆಯನ್ನು ಹೊರಗೇ ಬಿಡುವ, ವಾಹನಗಳಿಗೆಂದೇ ಮಾಡಿದ ಹೀಟರ್ ಮಾತ್ರ ಹಾಕಿಸಬೇಕು, ಇಲ್ಲವೇ ವಿದ್ಯುತ್ ಗೀಸರ್. ಇದರಲ್ಲಿ ರಾಜಿ ಸಲ್ಲದು.

ಬ್ಯಾಟರಿ ಬರಿದಾಗುವ ಭಯ ಹಲವರಿಗಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 7 ಆಂಪಿಯರಿನ ಪಂಪು ಎಂಟು ನಿಮಿಷ ಓಡಿದರೆ ಖರ್ಚಾಗುವುದು ಒಂದು ಆಂಪಿಯರ್ ಅವರ್‌ಗಿಂತ ಕಡಿಮೆ. ನೂರು ಆಂಪಿಯರ್ ಅವರ್ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಮೊದಲು ಮುಗಿಯುವುದು ನೀರು. ಟ್ಯಾಂಕು 120 ಲೀಟರಿನದಾದರೆ ನಿಮಿಷಕ್ಕೆ 10 ಲೀಟರ್ ಬಿಡುವ ಶವರು 12 ನಿಮಿಷದಲ್ಲಿ ಅದನ್ನು ಬರಿದು ಮಾಡುತ್ತದೆ, ಅಡುಗೆಗೂ ಉಳಿಯದಂತೆ. ಬಕೆಟ್ಟು ತಂಬಿಗೆ ಹಿಡಿದು ಜಳಕ ಮಾಡುವವರಿಗೆ ಹದಿನೈದು ಇಪ್ಪತ್ತು ಲೀಟರ್ ಸಾಕಾಗುತ್ತದೆ. ಆ ಮಿತವ್ಯಯಕ್ಕೆ ಶವರನ್ನು ಹತ್ತಿರ ತರುವುದು ಕೈಯಲ್ಲಿ ಹಿಡಿಯುವ, ಬೆರಳಿನಿಂದ ನಿಲ್ಲಿಸಬಹುದಾದ ಶವರ್ ತಲೆ. ಮೈ ನೆನೆಸಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆಯುವುದು. ಆದರೆ ಮಿಕ್ಸರ್ ತೆರೆದಿಟ್ಟು ತಲೆಯಲ್ಲೇ ನೀರು ನಿಲ್ಲಿಸಿದಾಗ ಬಿಸಿನೀರು ತಣ್ಣೀರಿನ ಪೈಪಿಗೆ ನುಗ್ಗುವುದುಂಟು. ಎರಡೂ ಸಾಲಿಗೆ ಹಿಮ್ಮುಖ ಹರಿವು ತಡೆಯುವ ಎನ್‌ಆರ್‌ವಿ ಕೂಡಿಸಿದರೆ ತೊಂದರೆ ತಪ್ಪುತ್ತದೆ.

ದೊಡ್ಡ ಬಸ್ ಚಾಸಿಯ ಕ್ಯಾರವಾನುಗಳಲ್ಲಿ ಜನರೇಟರೋ ದೊಡ್ಡ ಇನ್ವರ್ಟರೋ ಇರುತ್ತದೆ. ಅಂಥಲ್ಲಿ ಮನೆಗಳಿಗೆ ಹಾಕುವ 230 ವೋಲ್ಟಿನ ಪ್ರೆಷರ್ ಪಂಪು ಕೂಡಿಸಲು ಅಡ್ಡಿಯಿಲ್ಲ, ಎರಡು ನಳ ಒಟ್ಟಿಗೆ ತೆರೆದರೂ ಅದು ಜಗ್ಗುವುದಿಲ್ಲ. ಟೆಂಪೋ ಟ್ರಾವೆಲರಿಗೆ ಅದು ಹೊರೆ. ಅರ್ಧ ಎಚ್‌ಪಿ ಪಂಪನ್ನು ಇನ್ವರ್ಟರ್ ಮೂಲಕ ಓಡಿಸಲು 12 ವೋಲ್ಟಿನ ಬ್ಯಾಟರಿಯಿಂದ 35 ಆಂಪಿಯರಿಗೂ ಹೆಚ್ಚು ಎಳೆಯಬೇಕಾಗುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು.

ನೀರಿನ ಗುಣವೂ ಪಂಪಿನ ಆಯುಷ್ಯ ನಿರ್ಧರಿಸುತ್ತದೆ. ಧಾರವಾಡ ಜಿಲ್ಲೆಯ ಒಂದು ತುದಿಯಿಂದ ಇನ್ನೊಂದಕ್ಕೆ ಇದು ಬಹಳ ಬದಲಾಗುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯ ಬೋರಿನ ನೀರು ಬಹಳ ಕಡೆ ಸವುಳು. ಅದನ್ನು ತುಂಬಿಸಿಕೊಂಡ ಗಾಡಿಯ ಶವರ್ ತೂತುಗಳಲ್ಲಿ ಬಿಳಿಯ ಪದರು ಕಟ್ಟುತ್ತದೆ, ಗೀಸರಿನ ಕಾಯಿಲ್ ಮೇಲೂ. ಶವರ್ ತಲೆ ಬಿಚ್ಚಿ ರಾತ್ರಿಯಿಡೀ ಲಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿದರೆ, ಸತ್ತೇಹೋಯಿತು ಎಂದುಕೊಂಡಿದ್ದ ಪಂಪು ಬೆಳಗ್ಗೆ ಬದುಕಿದಂತೆ ಕಾಣುತ್ತದೆ. ಅಳ್ನಾವರ, ಕಲಘಟಗಿ ಕಡೆ ಮಳೆ ಹೆಚ್ಚು, ಕೆರೆಹಳ್ಳಗಳ ನೀರಿನಲ್ಲಿ ಮಳೆಗಾಲದಲ್ಲಿ ಮಣ್ಣಿನ ಕಣ ಇರುತ್ತದೆ. ಒಂದೇ ಒಂದು ಮರಳಿನ ಕಣ ಡಯಾಫ್ರಾಮಿನ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಪಂಪು ಓಡುತ್ತಲೇ ಇರುತ್ತದೆ, ಒತ್ತಡ ಏರುವುದೇ ಇಲ್ಲ. ಪಂಪಿನ ಬಾಯಿಗೆ ಜಾಲರಿ ಫಿಲ್ಟರ್ ಕಡ್ಡಾಯ, ಅದೂ ಕೈ ಸುಲಭವಾಗಿ ಮುಟ್ಟುವ ಜಾಗದಲ್ಲಿ. ಮಂಚ ಬಿಚ್ಚಿ ತೆಗೆಯಬೇಕಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ.

ನೀರು ತುಂಬಿಸಿಕೊಳ್ಳುವ ಊರಿನ ಕಷ್ಟವನ್ನೂ ನೆನೆಯಬೇಕು. ಅಳ್ನಾವರ ತಾಲ್ಲೂಕಿನ ಹುಲಿಕೇರಿಯ ಇಂದಿರಮ್ಮನ ಕೆರೆ 2019ರ ಆಗಸ್ಟ್ ಮಳೆಯಲ್ಲಿ ತುಂಬಿ ಹರಿದು ಕೆಳಗಿನ ಹಳ್ಳಿಗಳನ್ನು ನಡುಗಿಸಿತ್ತು. ಅದೇ ಸೀಮೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಡಿದ್ದೂ ಇದೆ. ಕಾಳಿ ನದಿಯಿಂದ ಅಳ್ನಾವರಕ್ಕೆ ನೀರು ತರುವ ಯೋಜನೆ ಬಂದದ್ದು ಆ ಬವಣೆಯಿಂದ, ದಾಂಡೇಲಿ ಭಾಗದವರು ತಮ್ಮ ನದಿಯ ನೀರು ಹೋಗುತ್ತದೆಂದು ಅದನ್ನು ವಿರೋಧಿಸಿದ್ದೂ ಆಯಿತು. ಇಂಥ ಕಡೆ ಸಾರ್ವಜನಿಕ ನಳಕ್ಕೆ ಪೈಪು ಹಚ್ಚಿ 200 ಲೀಟರ್ ಎಳೆದುಕೊಳ್ಳುವ ಮೊದಲು ಅಲ್ಲಿ ಕೊಡ ಇಟ್ಟವರನ್ನು ಕೇಳುವುದು ಸೌಜನ್ಯ. ಪೇಟೆಯ ಲಾಡ್ಜುಗಳಲ್ಲೋ ಪೆಟ್ರೋಲ್ ಬಂಕುಗಳಲ್ಲೋ ದುಡ್ಡು ಕೊಟ್ಟು ತುಂಬಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಜಳಕದ ಕೊಳೆನೀರಿಗೂ ಗಾಡಿಯಲ್ಲಿ ಟ್ಯಾಂಕು ಇರಬೇಕು. ಸೋಪಿನ ನೀರನ್ನು ಕಾಳಿಯ ದಂಡೆಯ ಮೇಲೆ ಬಿಟ್ಟುಬರುವುದು ತಪ್ಪು.

ಸದ್ದಿನ ಬಗ್ಗೆ ಒಂದೆರಡು ಮಾತು. ಪಂಪನ್ನು ನೇರ ಪ್ಲೈವುಡ್ಡಿಗೆ ಬಿಗಿದರೆ ಇಡೀ ಗಾಡಿ ತಮಟೆಯಾಗುತ್ತದೆ. ಅದರ ರಬ್ಬರ್ ಕಾಲುಗಳನ್ನು ಹಿಸುಕುವಷ್ಟು ಸ್ಕ್ರೂ ಬಿಗಿಯಬಾರದು, ಎರಡೂ ಬದಿಗೆ ಒಂದು ಮೊಳ ಬಾಗುವ ಪೈಪು ಇರಬೇಕು.

ಇಬ್ಬರು ಮೂವರು ಓಡಾಡುವ, ಒಂದು ಶವರು ಒಂದು ಅಡುಗೆ ನಳ ಇರುವ ಗಾಡಿಗೆ ನಿಮಿಷಕ್ಕೆ 10ರಿಂದ 12 ಲೀಟರಿನ, 2ರಿಂದ 3 ಬಾರಿನಲ್ಲಿ ಕಡಿಯುವ 12 ವೋಲ್ಟ್ ಡಯಾಫ್ರಾಮ್ ಪಂಪು, ಜತೆಗೊಂದು ಅಕ್ಯುಮುಲೇಟರ್, ಅರ್ಧ ಇಂಚಿನ ಪೈಪು, ನಾಲ್ಕು ಚದರ ಮಿ.ಮೀ. ವೈರು, 6 ಲೀಟರ್ ಆಸುಪಾಸಿನ ಶವರ್ ತಲೆ: ಈ ಜೋಡಣೆ ಸಾಕು. ನಿಮಿಷಕ್ಕೆ 7 ಲೀಟರಿನ ಪಂಪು ಅಡುಗೆಮನೆಗೆ ಸರಿ, ಗೀಸರ್ ದಾಟಿ ಶವರಿಗೆ ಹೋಗಲು ಹೆಣಗುತ್ತದೆ. 17–20 ಲೀಟರಿನದು ಎರಡು ಬಚ್ಚಲಿನ ಬಸ್ಸಿಗೆ ಸರಿ, ಸಣ್ಣ ಗಾಡಿಯಲ್ಲಿ ಪೈಪಿನ ಜಾಯಿಂಟುಗಳನ್ನು ಸಡಿಲಿಸುತ್ತದೆ. ಕಡಿತದ ಒತ್ತಡ ಹೆಚ್ಚಿಸಲು ಪಂಪಿನ ತಲೆಯ ಮೇಲಿನ ಸಣ್ಣ ಸ್ಕ್ರೂ ತಿರುಗಿಸುವ ಮೊದಲು ಗೀಸರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಓದಬೇಕು.

ಗ್ಯಾರೇಜಿಗೆ ಕೊನೆಯ ಕಂತು ಕೊಡುವ ಮೊದಲು ಅಂಗಳದಲ್ಲೇ ಒಂದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಟ್ಯಾಂಕು ಅರ್ಧ ಖಾಲಿ, ಎಂಜಿನ್ ಬಂದ್, ಮಿಕ್ಸರು ಬಿಸಿ ಕಡೆಗೆ. ಶವರನ್ನು ನಿಂತ ಎತ್ತರದಲ್ಲೇ ಹಿಡಿದು ಹತ್ತು ಲೀಟರಿನ ಬಕೆಟ್ಟಿಗೆ ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡುವುದು. ಒಂದೂವರೆ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ ಆರೂವರೆ ಲೀಟರಿಗೂ ಮೇಲೆ, ಕೆಲಸ ಸರಿಯಾಗಿದೆ. ಎರಡೂವರೆ ನಿಮಿಷ ತೆಗೆದುಕೊಂಡರೆ ಶವರ್ ತಲೆ ಬಿಚ್ಚಿ ಬರೀ ಪೈಪಿನಿಂದ ಮತ್ತೊಮ್ಮೆ ತುಂಬಿಸಬೇಕು. ಆಗ ಬೇಗ ತುಂಬಿದರೆ ತಪ್ಪು ತಲೆಯದು. ಆಗಲೂ ಇಲ್ಲದಿದ್ದರೆ ತಣ್ಣೀರಿನ ಕಡೆ ತಿರುಗಿಸಿ ನೋಡಬೇಕು. ಅಲ್ಲಿ ಜೋರು ಬಂದರೆ ಗೀಸರಿನ ದಾರಿಯಲ್ಲಿ ಅಡ್ಡಿಯಿದೆ. ಅಲ್ಲೂ ಸಪ್ಪೆಯಾದರೆ ಪಂಪಿನ ವೈರಿಗೆ ಮೀಟರ್ ಹಿಡಿಯುವ ಹೊತ್ತು, ಆಮೇಲೆ ಜಾಲರಿ ಫಿಲ್ಟರ್. ಇಷ್ಟೂ ಸರಿಯಿದ್ದು ನೀರು ಬಾರದಿದ್ದರೆ ಮಾತ್ರ ಬೇರೆ ಪಂಪು ಕೇಳಬೇಕು.